ಮಾವೇಲಿಯ ಸೊಂಟದಳತೆ

ತ್ರೇಸ್ಯಾಕುಟ್ಟಿ ಟೀಚರ್ ನಕ್ಕರೆ ಚೇಲಕ್ಕುನ್ನಿನ ಶಾಲೆಯಲ್ಲಿ ಪಾಠ ನಿಂತುಹೋಗುತ್ತದೆ. ಹೊಲಿಗೆ ಕೋಣೆ ಇರುವುದು ಮೆಟ್ಟಿಲಿನ ಕೆಳಗೆ. ಅಲ್ಲಿಂದ ಹೊರಟ ನಗು ಮೆಟ್ಟಿಲು ಹತ್ತಿ, ಎಂಟನೇ ಕ್ಲಾಸಿನ ಬೀಜಗಣಿತವನ್ನು ಹಾದು, ಹೆಡ್‌ಮಿಸ್ಟ್ರೆಸ್ ಇಂದಿರಾದೇವಿಯವರ ಕೋಣೆಯ ತನಕ ಹೋಗುತ್ತದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅದು ಮುಗಿಯಲೆಂದು ಕಾಯುತ್ತಾರೆ. ಮುಗಿದ ಮೇಲೂ ಒಂದು ಸಣ್ಣ ಕಂತು ಬಾಕಿ ಇರುತ್ತದೆಂದು ಗೊತ್ತಿರುವುದರಿಂದ ತಕ್ಷಣ ಹಾಕಿಕೊಳ್ಳುವುದಿಲ್ಲ.

ಟೀಚರ್ ದೊಡ್ಡ ಹೆಂಗಸು. ಆಟೋದಲ್ಲಿ ಕುಳಿತರೆ ಪಕ್ಕದಲ್ಲಿ ಕೊಡೆಗೆ ಮಾತ್ರ ಜಾಗ ಉಳಿಯುತ್ತದೆ. ಗಂಡ ಪೌಲೋಸ್ ಒಣಗಿದ ನುಗ್ಗೆಕಾಯಿಯಂಥ ಮನುಷ್ಯ, ಬಸ್ ಕಂಡಕ್ಟರ್ ಆಗಿ ರಿಟೈರಾದವರು. "ನಮ್ಮನೇಲಿ ಒಂದು ಫುಲ್ಲು, ಒಂದು ಹಾಫು" ಎಂದು ಅವರು ಚರ್ಚಿನ ಅಂಗಳದಲ್ಲಿ ಹೇಳುತ್ತಾರೆ. ಎಲ್ಲರಿಗಿಂತ ಮೊದಲು ನಗುವವರು ಟೀಚರೇ.

ಇಂಥವರ ಕೈಗೆ ಮಕ್ಕಳ ಮನಸ್ಸು ನೋಡಿಕೊಳ್ಳುವ ಕೆಲಸ ಬಂದದ್ದು ಹೇಗೆಂದರೆ, ಬೇರೆ ಯಾರಿಗೂ ಪುರುಸೊತ್ತಿರಲಿಲ್ಲ. ಶಾಲೆಗೊಬ್ಬ ಟೀಚರ್ ಇದಕ್ಕೆಂದೇ ಇರಬೇಕೆಂದು ಮೇಲಿನಿಂದ ಆದೇಶ ಬಂತು. ಗಣಿತದವರಿಗೆ ಪೋರ್ಷನ್ ಮುಗಿದಿರಲಿಲ್ಲ, ವಿಜ್ಞಾನದವರಿಗೆ ಲ್ಯಾಬ್ ಇತ್ತು, ಮಲಯಾಳಂ ಟೀಚರಿಗೆ ಬಿ.ಪಿ. ಇತ್ತು. ಏನೂ ಇಲ್ಲದವರು ಹೊಲಿಗೆ ಟೀಚರ್. ಅವರನ್ನು ತ್ರಿಶೂರಿಗೆ ತರಬೇತಿಗೆ ಕಳಿಸಿದರು. ಮೊದಲ ದಿನ ಅವರು ಪರಿಪ್ಪುವಡೆ ತಿಂದು ತೂಕಡಿಸಿದರು. ಎರಡನೇ ದಿನ, ಪಾಠ ಮಾಡುತ್ತಿದ್ದ ಹುಡುಗಿ ಒಂದು ಮಾತು ಹೇಳಿದಳು: ಮಗು ಮಾತಾಡುವಾಗ ನೀವು ಮಾತಾಡಬೇಡಿ. ತ್ರೇಸ್ಯಾಕುಟ್ಟಿಗೆ ನಿದ್ದೆ ಹಾರಿಹೋಯಿತು. ಹುಟ್ಟಿದಾಗಿನಿಂದ ಅವರು ಮಾಡದೆ ಇದ್ದ ಕೆಲಸ ಅದೊಂದೇ ಆಗಿತ್ತು. ಆವತ್ತಿನಿಂದ ಯಾವುದಾದರೂ ಮಗು ಬಾಯಿಬಿಟ್ಟರೆ ಅವರು ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಳ್ಳುತ್ತಾರೆ.

ಆದರೆ ಬಾಯಿಬಿಡಲು ಮಗು ಬರಬೇಕಲ್ಲ. ಪಿ.ಟಿ. ಮೇಷ್ಟ್ರು ಸುಗುಣನ್ ಮಾಷ್ ಉತ್ಸಾಹದಿಂದ ಹೊಲಿಗೆ ಕೋಣೆಯ ಮೇಲೆ 'ಕೌನ್ಸೆಲಿಂಗ್ ಕೇಂದ್ರ' ಎಂದು ಕೆಂಪು ಅಕ್ಷರದಲ್ಲಿ ಬರೆದ ಹಲಗೆ ತೂಗುಹಾಕಿದ್ದರು. ಆ ಕೆಂಪು ನೋಡಿಯೇ ಮಕ್ಕಳು ದೂರದಿಂದ ಸುತ್ತು ಹಾಕಿ ಹೋಗತೊಡಗಿದರು. ಒಂದು ಹುಡುಗಿ ಸೂಜಿ ಕೇಳಲು ಒಳಗೆ ಕಾಲಿಟ್ಟಳೋ ಇಲ್ಲವೋ, ಹೊರಗೆ ನಿಂತವರು, "ಏ, ಹುಚ್ಚಾಸ್ಪತ್ರೆಗೆ ಟಿಕೆಟ್ ಸಿಕ್ತೇನೇ?" ಎಂದರು. ಟೀಚರ್ ಆ ಸಂಜೆಯೇ ಹಲಗೆ ಇಳಿಸಿ, ತಿರುಗಿಸಿ, ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟರು. ಮರುದಿನ ಅಸೆಂಬ್ಲಿಯಲ್ಲಿ, "ಯಾರ ಗುಂಡಿ ಕಿತ್ತುಹೋದ್ರೂ ಬನ್ನಿ, ಪುಕ್ಕಟೆ ಹಾಕಿಕೊಡ್ತೀನಿ" ಎಂದರು, ಅಷ್ಟೇ.

ಅಲ್ಲಿಂದ ಚೇಲಕ್ಕುನ್ನಿನ ಮಕ್ಕಳ ಗುಂಡಿಗಳು ವಿಪರೀತವಾಗಿ ಕಿತ್ತುಬರತೊಡಗಿದವು. ಅಪ್ಪ ಕುಡಿದು ಬಂದ ಮರುದಿನ, ಗೆಳತಿ ಮಾತು ಬಿಟ್ಟ ದಿನ, ಪರೀಕ್ಷೆಯ ಹಿಂದಿನ ದಿನ, ಗುಂಡಿಯೇ ಇಲ್ಲದ ಚೂಡಿದಾರ ಹಾಕಿದವರೂ ಎಲ್ಲಿಂದಲೋ ಒಂದು ಗುಂಡಿ ಹಿಡಿದು ಬರುತ್ತಿದ್ದರು. ಹಲ್ಲಿನಿಂದ ಕಚ್ಚಿ ಕಿತ್ತ ದಾರ ಟೀಚರಿಗೆ ನೋಡಿದ ತಕ್ಷಣ ತಿಳಿಯುತ್ತಿತ್ತು. ಏನಾಯಿತೆಂದು ಅವರು ಕೇಳುತ್ತಿರಲಿಲ್ಲ. ನಿಧಾನವಾಗಿ, ಬೇಕೆಂತಲೇ ನಿಧಾನವಾಗಿ, ಸೂಜಿಗೆ ದಾರ ಪೋಣಿಸುತ್ತಿದ್ದರು. ಸಾಮಾನ್ಯವಾಗಿ ಎರಡನೇ ಹೊಲಿಗೆಗೆ ಮಗು ಅಳುತ್ತಿತ್ತು, ಗಂಟು ಹಾಕುವ ಹೊತ್ತಿಗೆ ಮೂಗೊರೆಸಿಕೊಂಡು ನಗುತ್ತಿತ್ತು. "ನಮ್ಮ ಮಕ್ಕಳೇಕೆ ಇಷ್ಟೊಂದು ಒರಟಾಗಿ ಬಟ್ಟೆ ಹಾಕ್ಕೋತಾರೆ?" ಎಂದು ಇಂದಿರಾದೇವಿ ಟೀಚರ್ ಪಿ.ಟಿ.ಎ. ಸಭೆಯಲ್ಲಿ ಕಳವಳ ವ್ಯಕ್ತಪಡಿಸಿದರು.

ಹೀಗೆ ಊರಿನ ಮಕ್ಕಳ ಎದೆಯೊಳಗೆಲ್ಲ ಕೈಯಾಡಿಸಿ ಬಂದ ಹೆಂಗಸಿಗೆ ಕಣ್ಣೆದುರಿನ ಒಬ್ಬ ಹುಡುಗ ಕಾಣಲಿಲ್ಲ. ಹಾಗಾದದ್ದು ಓಣಂನಿಂದ.

ಓಣಂ ಎಂದರೆ ಶಾಲೆಗೊಬ್ಬ ಮಾವೇಲಿ ಬೇಕು. ಪಾತಾಳದಿಂದ ವರ್ಷಕ್ಕೊಮ್ಮೆ ಪ್ರಜೆಗಳನ್ನು ನೋಡಲು ಬರುವ ಈ ಬಲಿ ಚಕ್ರವರ್ತಿ ನಮ್ಮಲ್ಲಿ ಚಿನ್ನದಂಗಡಿಯ ಜಾಹೀರಾತಿನಿಂದ ಹಿಡಿದು ಬಾಳೆಕಾಯಿ ಚಿಪ್ಸ್‌ನ ಪೊಟ್ಟಣದವರೆಗೆ ಎಲ್ಲೆಲ್ಲೂ ಹೊಟ್ಟೆ ಬಿಟ್ಟುಕೊಂಡೇ ನಿಲ್ಲುವುದು. ಆದ್ದರಿಂದ ಪ್ರತಿ ಶಾಲೆಯಲ್ಲೂ ಅತಿ ದಪ್ಪಗಿರುವ ಹುಡುಗನ ತಲೆಗೆ ಕಿರೀಟ ಗ್ಯಾರಂಟಿ. ಅದನ್ನು ಯಾರೂ ಗೇಲಿ ಎಂದುಕೊಳ್ಳುವುದಿಲ್ಲ. ತಾಯಂದಿರು ಫೋಟೊ ತೆಗೆದು ಷಾರ್ಜಾದಲ್ಲಿರುವ ಗಂಡಂದಿರಿಗೆ ಕಳಿಸುತ್ತಾರೆ. ಚೇಲಕ್ಕುನ್ನಿನಲ್ಲಿ ಒಂದನೇ ಕ್ಲಾಸಿನಿಂದಲೂ ಮಾವೇಲಿಯಾಗುತ್ತ ಬಂದವನು ಅನುನಂದ್. ಈಗ ಒಂಬತ್ತನೇ ಕ್ಲಾಸು. ಪ್ರತಿವರ್ಷ ಅವನ ಮಾವೇಲಿ ಅಂಗಿಯ ಹೊಲಿಗೆ ಬಿಚ್ಚಿ ಅಗಲ ಮಾಡುವವರು ಹೊಲಿಗೆ ಟೀಚರ್. ಅದೂ ಹೇಗೆ? ಅಸೆಂಬ್ಲಿಯಲ್ಲಿ, ಎಲ್ಲರೆದುರು, ಟೇಪು ಹಿಡಿದು. "ಪ್ರಜೆಗಳು ಸೊರಗ್ತಿದಾರೆ, ನಮ್ ರಾಜ ಮಾತ್ರ ಬೆಳೀತಿದಾನಪ್ಪೋ!" ಎಂದು ಅಳತೆಯನ್ನು ಗಟ್ಟಿಯಾಗಿ ಕೂಗುತ್ತಿದ್ದರು. ಶಾಲೆಗೆ ಶಾಲೆಯೇ ನಗುತ್ತಿತ್ತು. ಅನುನಂದನೂ ನಗುತ್ತ, ಕೈಯೆತ್ತಿ ಎಲ್ಲರಿಗೂ ಆಶೀರ್ವಾದ ಮಾಡುತ್ತಿದ್ದ.

ಈ ಸಲ ಓಣಂ ಆಚರಣೆಯ ನೋಟೀಸು ಓದಿದ ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ಅಮ್ಮ ಷೀಜ ಬೆಳಿಗ್ಗೆ ಆಟೋದಲ್ಲಿ ಗೇಟಿನ ತನಕ ಕರೆತರುವುದು, ಗೇಟು ಕಂಡ ಕೂಡಲೇ ಅವನಿಗೆ ಹೊಟ್ಟೆನೋವು ಬರುವುದು, ಅದೇ ಆಟೋದಲ್ಲಿ ವಾಪಸ್. ಡಾಕ್ಟರು ಹೊಟ್ಟೆ ಒತ್ತಿ ನೋಡಿ ಏನೂ ಇಲ್ಲವೆಂದರು. ಅವನ ಅಚ್ಛಮ್ಮ, ಅಂದರೆ ಅಪ್ಪನ ಅಮ್ಮ, ಉಪ್ಪು ಮೆಣಸು ಇಳಿ ತೆಗೆದು ಒಲೆಗೆ ಹಾಕಿದರು. ಹೊಗೆಯಿಂದ ಅವರಿಗೇ ಕೆಮ್ಮು ಬಂತು. ಕೊನೆಗೆ ಷಾರ್ಜಾದಿಂದ ಅಪ್ಪನ ತೀರ್ಪು ಬಂತು: ಓಣಂ ರಜೆ ಮುಗಿಯುವಷ್ಟರಲ್ಲಿ ಸರಿಹೋಗದಿದ್ದರೆ ಕೋಟ್ಟಯಂನಲ್ಲಿರುವ ಹಾಸ್ಟೆಲ್ ಶಾಲೆಗೆ ಸೇರಿಸುವುದು. ಅಲ್ಲಿ ವಾರ್ಡನ್ ಕೈಯಲ್ಲಿ ಬೆತ್ತ ಇದೆ, ಯಾರಿಗೂ ಹೊಟ್ಟೆ ನೋಯುವುದಿಲ್ಲ.

ಟೀಚರಿಗೆ ಇದು ಗೊತ್ತಾದದ್ದು ಅವನ ಮನೆಯಲ್ಲಿಯೇ. ಅವರು ಹೋದದ್ದು, ಏನು ಹೇಳಲಿ, ಟೇಪು ಹಿಡಿದುಕೊಂಡು. ಹುಡುಗನಿಗೆ ಜ್ವರವೋ ಏನೋ, ತಾನೇ ಮನೆಗೆ ಹೋಗಿ ಅಳತೆ ತೆಗೆದರೆ ಪಾಪ ಅವನಿಗೆ ಸುಖ ಎಂದುಕೊಂಡಿದ್ದರು. ಷೀಜ ಹಾಸ್ಟೆಲಿನ ಮಾತು ಹೇಳಿ ಕಣ್ಣೊರೆಸಿಕೊಂಡು, ಒಳಗೆ ತಿರುಗಿ, "ಮೋನೇ, ಬಾರೋ, ಟೀಚರ್ ಮಾವೇಲಿ ಅಳತೆಗೆ ಬಂದಿದಾರೆ" ಎಂದು ಕೂಗಿದ್ದೇ ತಡ, ದಡಬಡ ಓಡಿದ ಸದ್ದಾಯಿತು, ಬಚ್ಚಲಿನ ಬಾಗಿಲು ಬಡಿಯಿತು, ಚಿಲಕ ಬಿತ್ತು. ಆಮೇಲೆ ಒಳಗಿನಿಂದ ವಾಂತಿ ಮಾಡುವ ಸದ್ದು ಬಂತು.

ತ್ರೇಸ್ಯಾಕುಟ್ಟಿ ಟೀಚರ್ ಕೈಯಲ್ಲಿದ್ದ ಟೇಪನ್ನು ನೋಡಿದರು. ಬಾಗಿಲನ್ನು ನೋಡಿದರು. ಮತ್ತೆ ಟೇಪನ್ನು ನೋಡಿದರು.

"ಷೀಜಾ, ನೀನು ಹೋಗಿ ಚಾ ಮಾಡು. ಅಮ್ಮಾ, ನೀವೂ ಹೋಗಿ, ಸಕ್ಕರೆ ಜಾಸ್ತಿ ಹಾಕದ ಹಾಗೆ ನೋಡ್ಕೊಳ್ಳಿ. ಬೇಗ ಬರೋದು ಬೇಡ."

ಅವರಿಬ್ಬರೂ ಹೋದ ಮೇಲೆ ಟೀಚರ್ ಬಚ್ಚಲಿನ ಬಾಗಿಲಲ್ಲಿ ಬೋರಲಾಗಿದ್ದ ಪ್ಲಾಸ್ಟಿಕ್ ಬಕೆಟಿನ ಮೇಲೆ ಕುಳಿತರು. ಮಾತು ಶುರುಮಾಡುವುದು ಹೇಗೆಂದು ಯೋಚಿಸುತ್ತಿರುವಾಗಲೇ ಬಕೆಟು ಕಿರುಗುಟ್ಟಿತು, ನರಳಿತು, ಪಟಾರೆಂದು ಒಡೆಯಿತು. ಟೀಚರ್ ಅದರೊಳಗೆ ಸೊಂಟದ ತನಕ ಇಳಿದುಹೋದರು.

"ಈಶೋಯೇ!"

ಬಾಗಿಲಿನಾಚೆಯಿಂದ, "ಟೀಚರೇ, ಏನಾಯ್ತು?"

"ಏನಿಲ್ಲ ಮೋನೇ. ನಿಮ್ ಬಕೀಟು ಸತ್ತೋಯ್ತು. ನಾನು ಅದರೊಳಗೆ ಸಿಕ್ಕಾಕೊಂಡಿದೀನಿ. ನೀನು ಆರಾಮಾಗಿರು, ನಂಗೇನೂ ಅವಸರ ಇಲ್ಲ. ಇದ್ದರೂ ಏಳೋಕಾಗಲ್ಲ."

ಒಳಗೆ ಮೂಗಿನಲ್ಲಿ ತಡೆದ ಒಂದು ಸಣ್ಣ ನಗು ಕೇಳಿಸಿತು. ಟೀಚರಿಗೆ ಆ ನಗು ಸಿಕ್ಕಿದ್ದೇ ದೊಡ್ಡ ಸಮಾಧಾನ. ಆಮೇಲೆ ಅವರು ಬಾಯಿಗೆ ಸೆರಗು ತುರುಕಿ ಕಾದರು. ಹೊರಗೆ ಕಾಗೆಯೊಂದು ಕೂಗಿ ಕೂಗಿ ಹೋಯಿತು. ಅಡಿಗೆಮನೆಯಲ್ಲಿ ಚಾ ಕುದಿದು ಉಕ್ಕಿತು.

"ಟೇಪ್ ತಂದಿದೀರಾ?" ಎಂದ ಅನುನಂದ್.

"ಮ್ಮ್."

"ಅದನ್ನ ನೋಡಿದ್ರೆ ನಂಗೆ ಹೊಟ್ಟೆಯೊಳಗೆ ಏನೋ ಆಗುತ್ತೆ ಟೀಚರೇ. ಸುಳ್ಳಲ್ಲ, ನಿಜ್ವಾಗ್ಲೂ ನೋಯುತ್ತೆ. ಓಣಂ ಒಂದಿನ ಅಲ್ಲ ನಂಗೆ. ಕ್ರಿಸ್ಮಸ್ಸಿಗೂ ಮಾವೇಲಿ ಅಂತಾರೆ. ಪರೀಕ್ಷೆ ಹಾಲ್‌ನಲ್ಲೂ ಮಾವೇಲಿ. ಅಂಗಡೀಲಿ ಪೆನ್ನು ಕೇಳಿದ್ರೆ, ಮಾವೇಲಿಗೊಂದು ಪೆನ್ನು ಕೊಡ್ರಪ್ಪಾ ಅಂತಾರೆ. ನೀವು ಅಳತೆ ಕೂಗಿದಾಗ ನಾನು ನಗ್ತೀನಲ್ಲ, ನಗದೇ ಇದ್ರೆ ಇನ್ನೂ ಜಾಸ್ತಿ ನಗ್ತಾರೆ, ಅದಕ್ಕೆ."

ಟೀಚರ್ ಸೆರಗನ್ನು ಇನ್ನಷ್ಟು ಒಳಕ್ಕೆ ತುರುಕಿದರು. ಕಣ್ಣಿನಿಂದ ನೀರು ಸೆರಗಿನ ಮೇಲೆಯೇ ಬಿತ್ತು. ಊರಿನ ಮಕ್ಕಳಿಗೆಲ್ಲ ಗುಂಡಿ ಹಾಕಿಕೊಟ್ಟ ಕೈ ಇದೇ, ಈ ಹುಡುಗನ ಸೊಂಟಕ್ಕೆ ಟೇಪು ಸುತ್ತಿ ಕುಣಿದದ್ದೂ ಇದೇ. ಅವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು.

"ತಪ್ಪಾಯ್ತು ಮೋನೇ" ಎಂದರು. "ತುಂಬಾ ದೊಡ್ಡ ತಪ್ಪು. ಈ ಸಲ ನಿಂಗೇನಾಗ್ಬೇಕು ಹೇಳು. ವಾಮನ? ಚೆಂಡೆಯವನು? ಡ್ಯಾನ್ಸು?"

"ಏನೂ ಬೇಡ. ನಂಗೆ ಪ್ರಜೆ ಆಗ್ಬೇಕು."

"ಏನು?"

"ಪ್ರಜೆ, ಟೀಚರೇ. ಎಲ್ರ ಜೊತೆ ನಿಂತ್ಕೊಂಡು ನೋಡ್ಬೇಕು. ಅಲ್ಲಿ ಹಗ್ಗ ಜಗ್ಗಾಟ ಆಗುತ್ತಂತೆ, ಮಡಕೆ ಒಡೀತಾರಂತೆ, ನಾನು ಒಂದ್ ಸಲಾನೂ ನೋಡಿಲ್ಲ. ನಾನು ವೇದಿಕೆ ಮೇಲೆ ಕುರ್ಚೀಲಿರ್ತೀನಿ. ಯಾರೂ ನನ್ನ ನೋಡ್ಬಾರ್ದು, ನಾನು ನೋಡ್ಬೇಕು. ಆದ್ರೆ ನೀವು ಇದನ್ನ ಯಾರಿಗೂ ಹೇಳ್ಕೂಡ್ದು. ಅಮ್ಮಂಗೂ. ಹೇಳಿದ್ರೆ ಅದಕ್ಕೂ ನಗ್ತಾರೆ."

ಟೀಚರ್ ಟೇಪನ್ನು ಸುರುಳಿ ಬಿಚ್ಚಿ, ಬಾಗಿಲಿನ ಕೆಳಗಿನ ಸಂದಿಯಿಂದ ಒಳಗೆ ತೂರಿಸಿದರು.

"ತಗೋ. ಹೊರಗೆ ಬಂದು ಮೊದಲು ನನ್ನ ಈ ಬಕೀಟಿಂದ ಎಳಿ. ಆಮೇಲೆ ನನ್ನ ಅಳತೆ ತೆಗಿ. ಈ ಸಲ ಮಾವೇಲಿ ನಾನು."

ಚಿಲಕ ತೆಗೆದ ಸದ್ದಾಯಿತು. ಇಬ್ಬರೂ ಸೇರಿ ಬಕೆಟನ್ನು ಕಳಚುವಷ್ಟರಲ್ಲಿ ಬೆವರಿಳಿಯಿತು. ಅನುನಂದ್ ಟೇಪನ್ನು ಟೀಚರ ಸೊಂಟದ ಸುತ್ತ ಒಯ್ದು ಮುಂದೆ ತಂದ. ಒಂದಕ್ಕೊಂದು ತಾಗುವುದೇ ಕಷ್ಟವಾಯಿತು. ಅಂಕಿ ನೋಡಿದ ಅವನ ಹುಬ್ಬು ಮೇಲೇರಿತು. ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅದನ್ನು ಅವರ ಕಿವಿಯಲ್ಲಿ ಹೇಳಿದ.

"ಹೊಟ್ಟೆಯೊಳಗಿರಲಿ" ಎಂದರು ಟೀಚರ್.

ಇಂದಿರಾದೇವಿ ಟೀಚರಿಗೆ ಈ ಸುದ್ದಿ ಮುಟ್ಟಿಸುವುದು ಸುಲಭವಿರಲಿಲ್ಲ, ಯಾಕೆಂದರೆ ಕಾರಣ ಹೇಳುವ ಹಾಗಿರಲಿಲ್ಲ.

"ನೀವಾ? ಮಾವೇಲಿಯಾ? ನಮ್ಮ ಹತ್ರ ಅನುನಂದ್ ಇದಾನಲ್ಲ!"

"ಅವನಿಗೆ ಹುಷಾರಿಲ್ಲ ಟೀಚರೇ. ಅಲ್ದೆ ನಂಗೇ ಆಸೆ."

"ಆಸೆ? ಈ ವಯಸ್ಸಲ್ಲಿ? ಮೀಸೆ ಇಟ್ಕೊಂಡು?"

"ಮೀಸೆ ಇಟ್ಕೊಂಡು."

ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದರು. ಈ ಸಲ ತ್ರೇಸ್ಯಾಕುಟ್ಟಿಯ ನಗು ಬಾರದಿದ್ದದ್ದು ನೋಡಿ ಅವರಿಗೆ ಇನ್ನಷ್ಟು ಗಾಬರಿಯಾಯಿತು. ಪಂಚಾಯತ್ ಅಧ್ಯಕ್ಷರು ಬರುತ್ತಾರೆ, ಚರ್ಚಿನ ಪಾದ್ರಿಯೂ ಆದ ಮ್ಯಾನೇಜರ್ ಅಚ್ಚನ್ ಬರುತ್ತಾರೆ, ಹೆಂಗಸು ಮಾವೇಲಿಯಾದರೆ ಜನ ಏನಂದಾರು ಎಂದು ಎಷ್ಟು ಹೇಳಿದರೂ ಟೀಚರ್ ಜಗ್ಗಲಿಲ್ಲ. ಸುದ್ದಿ ಊರೆಲ್ಲ ಹಬ್ಬಿತು. ಮೊಮ್ಮಗುವನ್ನು ಎತ್ತಿಕೊಳ್ಳುವ ವಯಸ್ಸಿನಲ್ಲಿ ತ್ರೇಸ್ಯಾಕುಟ್ಟಿಗೆ ಕಿರೀಟದ ಹುಚ್ಚು ಹಿಡಿದಿದೆ ಎಂದು ಮೀನಿನಂಗಡಿಯಲ್ಲೂ ಮಾತಾಡಿಕೊಂಡರು. ಆ ಮಾತುಗಳನ್ನೆಲ್ಲ ಟೀಚರ್ ಮೀನಿನ ಜೊತೆಯಲ್ಲೇ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದರು. ಪೌಲೋಸ್ ಮಾತ್ರ ಏನೂ ಕೇಳದೆ, ತೆಂಗಿನ ನಾರಿಗೆ ಕಪ್ಪು ಬಣ್ಣ ಬಳಿದು ಮೀಸೆ ಮಾಡಿಕೊಟ್ಟರು. ಅಂಟಿಸಿ ನೋಡಿ, "ನಿಮ್ಮಪ್ಪನ ಥರಾನೇ ಕಾಣ್ತೀಯಲ್ಲೇ, ನಂಗೆ ಭಯ ಆಗ್ತಿದೆ" ಎಂದರು.

ಆಚರಣೆಯ ದಿನ ಬಂತು. ಅಂಗಳದಲ್ಲಿ ಹೂವಿನ ರಂಗೋಲಿ ಪೂಕ್ಕಳಂ, ಮುಂಡು ಪಂಚೆ ಉಟ್ಟು ನಡೆಯಲು ಬಾರದೆ ಎಡವುವ ಹುಡುಗರು, ಜರಿಯಂಚಿನ ಕಸವು ಸೀರೆಯಲ್ಲಿ ಒಮ್ಮೆಗೇ ದೊಡ್ಡವರಾಗಿಬಿಟ್ಟ ಹುಡುಗಿಯರು, ಪಾಯಸದ ವಾಸನೆ. ಸುಗುಣನ್ ಮಾಷ್ ಕೈಗೆ ಮೈಕು ಸಿಕ್ಕಿತ್ತು. ಅದನ್ನು ಅವರ ಕೈಯಿಂದ ಬಿಡಿಸಲು ಪೊಲೀಸರೇ ಬರಬೇಕು. ಚೆಂಡೆ ಬಡಿಯಿತು. ಹೊಲಿಗೆ ಕೋಣೆಯಿಂದ ಮಾವೇಲಿ ಹೊರಟರು. ಕಿರೀಟ, ತಾಳೆಗರಿ ಕೊಡೆ, ಕೆಂಪು ರೇಷ್ಮೆ, ನಾರಿನ ಮೀಸೆ. ಎದ್ದ ಬೊಬ್ಬೆಗೆ ಹಂಚಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು. ಮ್ಯಾನೇಜರ್ ಅಚ್ಚನ್ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ.

"ನನ್ನ ಪ್ರಿಯ ಪ್ರಜೆಗಳೇ, ಎಲ್ಲರೂ ಕ್ಷೇಮವೇ?" ಎಂದು ಮಾವೇಲಿ ಗರ್ಜಿಸಿದರು.

"ಕ್ಷೇಮ, ಕ್ಷೇಮ!" ಎಂದು ಪ್ರಜೆಗಳು ಕಿರುಚಿದರು.

ಎಲ್ಲ ಪ್ರಜೆಗಳ ಕ್ಷೇಮ ಕಟ್ಟಿಕೊಂಡು ಮಾವೇಲಿಗೇನು? ಅವರ ಕಣ್ಣು ಒಬ್ಬನನ್ನು ಹುಡುಕುತ್ತಿತ್ತು. ಗೇಟಿನ ಹೊರಗೆ ಆಟೋ ನಿಂತದ್ದು ಕಂಡಿತು. ಪಕ್ಕದಲ್ಲಿ ಷೀಜ ಇದ್ದಳು. ಹುಡುಗನಿರಲಿಲ್ಲ. ಬಂದಿಲ್ಲವೇ? ಬಂದು ಆಟೋದೊಳಗೇ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದಾನೆಯೇ? ಇದೂ ಫಲಿಸದಿದ್ದರೆ ಕೋಟ್ಟಯಂ, ವಾರ್ಡನ್ನು, ಬೆತ್ತ.

ಅಷ್ಟರಲ್ಲಿ ಹಗ್ಗ ಜಗ್ಗಾಟ ನೋಡಲು ಮುಗಿಬಿದ್ದಿದ್ದ ಗುಂಪಿನ ನಡುವೆ, ಮಾವಿನ ಮರದ ಬುಡದಲ್ಲಿ, ಬಿಳಿ ಮುಂಡು ಉಟ್ಟವನ ಅಗಲ ಬೆನ್ನೊಂದು ಕಂಡಿತು. ಬಂದಿದ್ದ! ಟೀಚರಿಗೆ ಕಂಡ ಕ್ಷಣದಲ್ಲೇ ಸುಗುಣನ್ ಮಾಷ್‌ಗೂ ಕಂಡಿತು. ಒಳ್ಳೆಯ ಮನುಷ್ಯ, ಕೆಟ್ಟದ್ದು ಬಯಸುವವರಲ್ಲ. ಆದರೆ ಕೈಯಲ್ಲಿ ಮೈಕಿತ್ತು.

"ಓಹೋಹೋ! ಗೆಳೆಯರೇ, ಯಾರು ಬಂದಿದಾರೆ ನೋಡಿ ಅಲ್ಲಿ, ಮಾವಿನ ಮರದ ಹತ್ರ! ನಮ್ಮ ಪರ್ಮನೆಂಟ್..."

ಮಾವಿನ ಮರದ ಬುಡದಲ್ಲಿ ಆ ಬೆನ್ನು ಕುಗ್ಗಿದ್ದನ್ನು ಟೀಚರ್ ನೋಡಿದರು. ತಲೆಗಳು ಇನ್ನೇನು ಆ ಕಡೆ ತಿರುಗಬೇಕು.

ಆಗ ಮಾವೇಲಿ ವೇದಿಕೆಯಿಂದ ಜಿಗಿದರು. ಚೇಲಕ್ಕುನ್ನು ಅಲುಗಾಡಿತೆಂದು ಈಗಲೂ ಹೇಳುವವರಿದ್ದಾರೆ. ಸುಗುಣನ್ ಮಾಷ್ ಕೈಯಿಂದ ಮೈಕು ಕಿತ್ತುಕೊಂಡು, "ಬಡೀರೋ ಚೆಂಡೆ! ಹುಲಿ ಬಂತು ಹುಲಿ!" ಎಂದು ಅರಚಿ, ಕೊಡೆ ಎಸೆದು, ರೇಷ್ಮೆ ಎತ್ತಿ ಕಟ್ಟಿ, ಮೊಣಕಾಲು ಮಡಚಿ, ಪುಲಿಕ್ಕಳಿ ಶುರುಮಾಡಿದರು. ಓಣಂನ ನಾಲ್ಕನೇ ದಿನ ತ್ರಿಶೂರಿನ ಬೀದಿಯಲ್ಲಿ ಮೈಗೆಲ್ಲ ಬಣ್ಣ ಬಳಿದ ಗಂಡಸರು ಹೊಟ್ಟೆ ಕುಲುಕಿಸಿ ಕುಣಿಯುವ ಆ ಹುಲಿಕುಣಿತವನ್ನು ಅವರು ಹುಡುಗಿಯಾಗಿದ್ದಾಗಿನಿಂದ ಜಗಲಿಯ ಮೇಲೆ ನಿಂತು ನೋಡಿದ್ದರು. ಕುಣಿಯಲು ಯಾರೂ ಕರೆದಿರಲಿಲ್ಲ. ಈಗ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹೊಟ್ಟೆ ಎಡಕ್ಕೆ ಹೋದರೆ ಕಿರೀಟ ಬಲಕ್ಕೆ, ಕಿರೀಟ ಎಡಕ್ಕೆ ಬಂದರೆ ಮೀಸೆ ಕಿವಿಗೆ. ಚೆಂಡೆಯವರಿಗೆ ಹುಚ್ಚು ಹಿಡಿಯಿತು. ಹಗ್ಗ ಎಳೆಯುತ್ತಿದ್ದವರು ಹಗ್ಗ ಬಿಟ್ಟರು, ಎದುರಿನ ತಂಡ ಸಾಲಾಗಿ ಮಗುಚಿ ಬಿತ್ತು. ಪಂಚಾಯತ್ ಅಧ್ಯಕ್ಷರು ಕುರ್ಚಿಯ ಮೇಲೆ ಹತ್ತಿ ಶಿಳ್ಳೆ ಹಾಕಿದರು. ಇಂದಿರಾದೇವಿ ಟೀಚರ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

ಮಾವಿನ ಮರದ ಕಡೆಗೆ ಒಂದು ತಲೆಯೂ ತಿರುಗಲಿಲ್ಲ.

ಟೀಚರ್ ಸುತ್ತು ಹಾಕುತ್ತ ಅತ್ತ ಬಂದಾಗ ಅವನು ಕಂಡ. ಮುಂದಿನ ಸಾಲಿಗೆ ನುಗ್ಗಿ ಬಂದಿದ್ದ. ಯಾರದೋ ಹೆಗಲಿಗೆ ಜೋತುಬಿದ್ದು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದ. ಎಲ್ಲರೆದುರು ಕೈಯೆತ್ತಿ ಆಶೀರ್ವಾದ ಮಾಡುತ್ತ ನಗುತ್ತಿದ್ದ ನಗುವಲ್ಲ ಅದು. ಬಾಯಿ ಪೂರ್ತಿ ತೆರೆದ, ಅಂಕೆಯಿಲ್ಲದ, ಸ್ವಂತದ ನಗು. ಗೇಟಿನ ಹೊರಗೆ ಷೀಜ ಅದನ್ನು ನೋಡುತ್ತ ನಿಂತವಳು, ಆಟೋದವನಿಗೆ ಹೋಗೆಂದು ಕೈಬೀಸಿದಳು.

ಹಿಂದಿನ ಸಾಲಿನ ಹುಡುಗನೊಬ್ಬ ಕತ್ತು ಉದ್ದ ಮಾಡಿ ಸಾಕಾಗಿ, ಅವನ ಬೆನ್ನಿಗೆ ಗುದ್ದಿದ.

"ಏ ಅನುನಂದಾ, ಆಚೆ ಸರ್ಕೊಳ್ಳೋ! ಮಾವೇಲಿ ಕಾಣ್ತಿಲ್ಲ!"

"ಸರ್ಕೊಳ್ಳಲ್ಲ ಹೋಗೋ" ಎಂದ ಅನುನಂದ್, ತಿರುಗಿಯೂ ನೋಡದೆ.

ಟೀಚರಿಗೆ ಹೋಗಿ ಅವನನ್ನು ತಬ್ಬಿಕೊಳ್ಳಬೇಕೆನಿಸಿತು, ಒಮ್ಮೆ ಅವನ ಕಣ್ಣಿಗೆ ಕಣ್ಣು ಕೊಡಬೇಕೆನಿಸಿತು. ಕೊಟ್ಟಿದ್ದರೆ ಸುತ್ತ ನಿಂತವರೆಲ್ಲ ಅವನನ್ನೇ ನೋಡುತ್ತಿದ್ದರು. ಅವರು ಜಾರಿದ ಮೀಸೆಯನ್ನು ಮೇಲಕ್ಕೆ ಒತ್ತಿ, ಅವನ ಕಡೆಗೆ ಬೆನ್ನು ಮಾಡಿ, ಇನ್ನೊಂದು ಸುತ್ತು ಕುಣಿದರು.